ಹೊಸ ಚೈನ್, ಹೊಸ ಕ್ಯಾಸೆಟ್ ಹಾಕಿದ ಮೇಲೆ ಗೇರ್ ಸರಿಯಾಗಿ ಬೀಳುತ್ತಿಲ್ಲ, ಯಾಕೆ?

ಪ್ರಶ್ನೆ: ನಾನು ಧಾರವಾಡ ಸಪ್ತಾಪುರದಾಂವ್ರಿ. ದಿನಾ ಹುಬ್ಬಳ್ಳಿ ವಿದ್ಯಾನಗರದ ಮಟಾ ಸೈಕಲ್ ಮ್ಯಾಲೆ ಹೋಗಿ ಬರ್ತೀನಿ. ಮುಂದ 42-32-22 ಹಲ್ಲಿನ ಮೂರು ರಿಂಗು, ಹಿಂದ ಎಂಟು ಗೇರು, ಶಿಮಾನೊ ಕಂಪನಿಯ ಆಲ್ಟಸ್. ನಾಕು ವರ್ಷ ಚೈನ್ ಬದಲಿಸಿದ್ದಿಲ್ಲ. ಈಗ ಅಂಗಡ್ಯಾಗ ಎಂಟು ಸ್ಪೀಡಿನ ಹೊಸ ಚೈನ್, 11-32 ಹಲ್ಲಿನ ಕ್ಯಾಸೆಟ್ (ಹಿಂದಿನ ಗಾಲಿಯ ಹಲ್ಲಿನ ಪ್ಲೇಟುಗಳ ಗೊಂಚಲು) ಇದ್ದಲ್ಲಿ 11-34ರದು, ಹಿಂದಿನ ಗೇರಿನ ಒಳಗಿನ ಕೇಬಲ್ ಹಾಕಿಸಿದೆ. ಕೇಬಲ್ಲಿನ ಹೊರಗಿನ ಕೊಳವೆ, ಅಂದರ ಔಟರ್, ಹಳೇದ ಐತಿ. ಅವತ್ತಿಂದ ಮೂರು ತ್ರಾಸು. ದೊಡ್ಡ ಪ್ಲೇಟಿನಿಂದ ಸಣ್ಣದಕ್ಕ ಇಳಿಸುವಾಗ ಒಂದು ಕ್ಲಿಕ್ಕಿಗೆ ಬೀಳೂದಿಲ್ಲ, ಎರಡು ಒತ್ತಿದರ ಎರಡೂ ಒಮ್ಮೆ ಬೀಳ್ತಾವ. ನೃಪತುಂಗ ಬೆಟ್ಟ ಏರುವಾಗ ಜೋರು ತುಳಿದರ ಚೈನ್ ಟಕ್ ಅಂತ ಜಿಗೀತೈತಿ. 34ರ ಮ್ಯಾಲೆ ಹಾಕಿದರ ಗರಗರ ಸಪ್ಪಳ. ಎರಡು ಸಲ ಸ್ಕ್ರೂ ತಿರುವಿ ಕೊಟ್ರು, ಒಂದು ಸರಿಹೋದರ ಇನ್ನೊಂದು ಕೆಡತೈತಿ. ಕ್ಯಾಸೆಟ್ಟ ಖರಾಬ್ ಐತೇನ್ರಿ? ವಾಪಸ್ ಕೊಡ್ಲೇನು?

ಉತ್ತರ: ಕ್ಯಾಸೆಟ್ ವಾಪಸ್ ಕೊಡಬೇಡಿ. ನೀವು ಹೇಳಿದ ಲಕ್ಷಣಗಳಲ್ಲಿ ಅದರ ತಪ್ಪು ಕಾಣುವುದಿಲ್ಲ. ನಿಮ್ಮ ಸೈಕಲ್ಲಿಗೆ ಆಗಿರುವುದು ಒಂದು ತೊಂದರೆಯಲ್ಲ, ಮೂರು ಬೇರೆ ಬೇರೆ ತೊಂದರೆ. ಒಂದೇ ಸ್ಕ್ರೂ ತಿರುವಿ ಮೂರನ್ನೂ ಸರಿಮಾಡಲು ಹೋದದ್ದಕ್ಕೇ ಒಂದು ಸರಿಹೋದಾಗ ಇನ್ನೊಂದು ಕೆಟ್ಟಿದೆ. ಮೂರಕ್ಕೂ ಕಾರಣವನ್ನು ಹುಡುಕಬೇಕಾದದ್ದು ಹೊಸ ಸಾಮಾನಿನಲ್ಲಲ್ಲ, ಬದಲಿಸದೆ ಬಿಟ್ಟ ಹಳೆಯ ಸಾಮಾನಿನಲ್ಲಿ: ಹಳೆಯ ಔಟರ್, ಪೈಡಲ್ ಬಳಿಯ ಹಲ್ಲಿನ ಚಕ್ರವಾದ ಹಳೆಯ ಚೈನ್ ರಿಂಗ್, ಮತ್ತು ಹಿಂದಿನ ಹಳೆಯ 32 ಹಲ್ಲಿನ ಪ್ಲೇಟಿಗೆ ಹೊಂದಿಸಿ ಬಿಟ್ಟಿದ್ದ, ಡಿರೇಲರಿನ (ಚೈನನ್ನು ಪ್ಲೇಟಿನಿಂದ ಪ್ಲೇಟಿಗೆ ಸರಿಸುವ ಸಲಕರಣೆಯ) ಬಿ ಸ್ಕ್ರೂ.

ಮೊದಲು ಸ್ಕ್ರೂಗಳ ಲೆಕ್ಕ ತಿಳಿದುಕೊಳ್ಳಿ. ಡಿರೇಲರಿನ ಮೈಮೇಲೆ ಅಕ್ಕಪಕ್ಕ ಇರುವ ಎಚ್ ಮತ್ತು ಎಲ್ ಸ್ಕ್ರೂಗಳು ಹೊಲದ ಎರಡು ಬದಿಯ ಬದು ಇದ್ದಂತೆ. ಚೈನ್ ಅತಿ ಸಣ್ಣ ಪ್ಲೇಟು ದಾಟಿ ಹೊರಗೆ ಬೀಳದ ಹಾಗೆ ಎಚ್ ತಡೆಯುತ್ತದೆ, ಅತಿ ದೊಡ್ಡ ಪ್ಲೇಟು ದಾಟಿ ಸ್ಪೋಕ್‌ಗೆ ಸಿಕ್ಕದ ಹಾಗೆ ಎಲ್ ತಡೆಯುತ್ತದೆ. ನಡುವಿನ ಆರು ಗೇರುಗಳಿಗೂ ಈ ಎರಡು ಸ್ಕ್ರೂಗಳಿಗೂ ಯಾವ ಸಂಬಂಧವೂ ಇಲ್ಲ. ನಡುಗೇರು ಬೀಳುತ್ತಿಲ್ಲವೆಂದು ಇವನ್ನು ತಿರುವುವುದು ವ್ಯರ್ಥ ಮಾತ್ರವಲ್ಲ, ಅಪಾಯ ಕೂಡ. ಎಲ್ ಸ್ಕ್ರೂ ಹೆಚ್ಚು ಬಿಚ್ಚಿಕೊಂಡಿದ್ದರೆ ಮುಂದಿನ ಏರಿನಲ್ಲಿ ಡಿರೇಲರ್ ಸ್ಪೋಕ್‌ಗೆ ಸಿಕ್ಕು ಗಾಲಿ ನಿಂತುಬಿಡುತ್ತದೆ. ಎರಡು ಸಲ ತಿರುವಿಸಿಕೊಂಡಿದ್ದೀರಿ, ಆದ್ದರಿಂದ ಸರಿಯಾಗುವವರೆಗೆ 34ರ ಪ್ಲೇಟಿಗೆ ಹೋಗಬೇಡಿ.

ಸೈಕಲ್ಲನ್ನು ತಲೆಕೆಳಗು ಮಾಡಿ ನಿಲ್ಲಿಸಬೇಡಿ. ಹ್ಯಾಂಡಲ್ ಬಳಿ ಕೇಬಲ್ ಮಡಚುತ್ತದೆ, ಪರೀಕ್ಷೆಯೇ ತಪ್ಪಾಗುತ್ತದೆ. ರಿಪೇರಿ ಸ್ಟ್ಯಾಂಡ್ ಇಲ್ಲದಿದ್ದರೆ ತೊಲೆಗೋ ಗಿಡದ ಕೊಂಬೆಗೋ ಹಗ್ಗ ಕಟ್ಟಿ ಸೀಟಿನ ಮೂತಿಯನ್ನು ತೂಗುಹಾಕಿದರೆ ಸಾಕು. ಹಿಂದಿನ ಗಾಲಿ ನೆಲದಿಂದ ಒಂದು ಗೇಣು ಮೇಲಿರಲಿ.

ಕ್ಯಾಸೆಟ್ ಬದಲಿಸಲು ಹಿಂದಿನ ಗಾಲಿ ಬಿಚ್ಚಲೇಬೇಕು. ಅದನ್ನು ವಾಪಸ್ ಹಾಕುವಾಗ ಆಕ್ಸಲ್ ಫ್ರೇಮಿನ ಸೀಳಿನಲ್ಲಿ ಪೂರ್ತಿ ಕೂತಿರದಿದ್ದರೆ ಇಡೀ ಕ್ಯಾಸೆಟ್ ಕೂದಲೆಳೆಯಷ್ಟು ಓರೆಯಾಗಿ ನಿಲ್ಲುತ್ತದೆ. ಅಷ್ಟು ಓರೆ ಸಾಕು, ಗೇರ್ ಕೆಡಲು. ಸೈಕಲ್ಲನ್ನು ನೆಲಕ್ಕಿಳಿಸಿ, ಕ್ವಿಕ್ ರಿಲೀಸ್ (ಗಾಲಿಯನ್ನು ಬಿಗಿಹಿಡಿಯುವ ಹಿಡಿಕೆ) ಸಡಿಲಿಸಿ, ಸೀಟಿನ ಮೇಲೆ ಕೈಯೂರಿ ಮೈಭಾರ ಹಾಕಿ ಒತ್ತಿ, ಒತ್ತಿದ ಹಾಗೆಯೇ ಬಿಗಿ ಮಾಡಿ. ಜೊತೆಗೆ ಕ್ಯಾಸೆಟ್ಟನ್ನು ಬೆರಳಿನಿಂದ ಹಿಡಿದು ಒಳಗೆ-ಹೊರಗೆ ಅಲ್ಲಾಡಿಸಿ ನೋಡಿ. ಪ್ಲೇಟುಗಳು ಕಟಕಟ ಅಂದರೆ ಅವನ್ನು ಬಿಗಿಹಿಡಿದಿರುವ ಲಾಕ್ ರಿಂಗ್ ಸಡಿಲ ಇದೆ ಅಥವಾ ನಡುವಿನ ಒಂದು ಸ್ಪೇಸರ್ ಬಿಟ್ಟುಹೋಗಿದೆ. ಲಾಕ್ ರಿಂಗ್‌ಗೆ 40 ನ್ಯೂಟನ್ ಮೀಟರ್ ಬಿಗಿ ಬೇಕು. ಒಂದು ಅಡಿ ಉದ್ದದ ಪಾನಾದ ತುದಿಗೆ ಸುಮಾರು 13 ಕಿಲೊ ಭಾರ ಬಿದ್ದಷ್ಟು ಅದು. ಬಿಗಿಯಾಗುವಾಗ ಕರಕರ ಸಪ್ಪಳ ಬರುತ್ತದೆ, ಅದು ಸಹಜ.

ಇನ್ನೊಂದು ನೋಟ ಚೈನ್ ಹಾದುಹೋಗುವ ದಾರಿಯ ಮೇಲೆ. ಡಿರೇಲರಿನ ಎರಡು ಸಣ್ಣ ಪುಲ್ಲಿಗಳ ನಡುವೆ, ಪಂಜರದ ಒಳಗೆ, ಉಗುರಿನಷ್ಟು ಸಣ್ಣ ತಗಡಿನ ನಾಲಿಗೆ ಇರುತ್ತದೆ. ಹೊಸ ಚೈನ್ ಪೋಣಿಸುವಾಗ ಅದರ ತಪ್ಪು ಬದಿಯಿಂದ ಹಾಕಿಬಿಡುವುದು ಬಹಳ ಸಾಮಾನ್ಯ. ಆಗಲೂ ಸೈಕಲ್ ಓಡುತ್ತದೆ, ಗೇರೂ ಬೀಳುತ್ತವೆ, ಆದರೆ ಎಲ್ಲ ಗೇರಿನಲ್ಲೂ ಗರಗರ ಸಪ್ಪಳ ಬಿಡುವುದಿಲ್ಲ. ನಿಮ್ಮ ಸಪ್ಪಳ 34ರಲ್ಲಿ ಮಾತ್ರ ಇದೆ, ಹಾಗಾಗಿ ಕಾರಣ ಇದಲ್ಲ ಅನಿಸುತ್ತದೆ. ಆದರೂ ನೋಡಿಬಿಡಿ, ಅರ್ಧ ನಿಮಿಷದ ಕೆಲಸ. ತೊಳೆಯಲೆಂದು ಯಾರಾದರೂ ಪುಲ್ಲಿಗಳನ್ನು ಬಿಚ್ಚಿದ್ದರೆ ಮೇಲಿನದು ಕೆಳಗೆ ಹೋಗಿರಬಹುದು. ಶಿಮಾನೊದಲ್ಲಿ ಮೇಲಿನ ಪುಲ್ಲಿ ಅಡ್ಡಕ್ಕೆ ಸ್ವಲ್ಪ ಸರಿದಾಡುವಂತೆ ಮಾಡಿರುತ್ತಾರೆ, ಕೆಳಗಿನದು ಹಾಗಲ್ಲ. ಅದಲುಬದಲಾದರೆ ಪ್ರತಿ ಗೇರೂ ಒರಟಾಗುತ್ತದೆ.

ಈಗ ನಿಮ್ಮ ಮೊದಲ ತ್ರಾಸು. ಏರಿಸುವಾಗ ಸರಿಯಾಗಿ ಬೀಳುತ್ತದೆ, ಇಳಿಸುವಾಗ ಬೀಳುವುದಿಲ್ಲ. ಈ ಒಂದು ವಾಕ್ಯದಲ್ಲೇ ಉತ್ತರ ಇದೆ. ದೊಡ್ಡ ಪ್ಲೇಟಿಗೆ ಏರಿಸುವಾಗ ಕೇಬಲ್ ಎಳೆಯುವುದು ನಿಮ್ಮ ಹೆಬ್ಬೆರಳು, ಅದಕ್ಕೆ ಬಲ ಬೇಕಾದಷ್ಟಿದೆ. ಸಣ್ಣ ಪ್ಲೇಟಿಗೆ ಇಳಿಸುವಾಗ ಶಿಫ್ಟರ್ (ಹ್ಯಾಂಡಲಿನ ಮೇಲಿನ ಗೇರ್ ಲಿವರ್) ಕೇಬಲ್ಲನ್ನು ಬಿಟ್ಟುಕೊಡುತ್ತದೆ ಅಷ್ಟೆ, ಅದನ್ನು ವಾಪಸ್ ಎಳೆದುಕೊಳ್ಳುವ ಕೆಲಸ ಡಿರೇಲರಿನೊಳಗಿನ ಸಣ್ಣ ಸ್ಪ್ರಿಂಗಿನದು. ಕೇಬಲ್ ಎಲ್ಲೋ ಒಂದು ಕಡೆ ಹಿಡಿದುಕೊಂಡಿದ್ದರೆ ಸ್ಪ್ರಿಂಗ್ ಅಲ್ಲಿಗೇ ಸೋಲುತ್ತದೆ. ಎರಡನೇ ಕ್ಲಿಕ್ ಒತ್ತಿದಾಗ ಇನ್ನಷ್ಟು ಸಡಿಲಾಗಿ ಎರಡೂ ಗೇರು ಒಟ್ಟಿಗೆ ಬೀಳುತ್ತವೆ. ನೀವು ಹೇಳಿದ್ದೂ ಇದನ್ನೇ.

ಎಷ್ಟು ಹಿಡಿದರೆ ಕೆಡುತ್ತದೆ ಎಂಬುದಕ್ಕೆ ಲೆಕ್ಕವಿದೆ. ಎಂಟು ಸ್ಪೀಡಿನ ಶಿಮಾನೊ ಶಿಫ್ಟರ್ ಒಂದು ಕ್ಲಿಕ್ಕಿಗೆ ಸುಮಾರು 2.8 ಮಿ.ಮೀ. ಕೇಬಲ್ ಸರಿಸುತ್ತದೆ. ಡಿರೇಲರ್ ಅದನ್ನು 1.7 ಪಟ್ಟು ಮಾಡುತ್ತದೆ. ಗುಣಿಸಿದರೆ 4.8 ಮಿ.ಮೀ.ಗೆ ಹತ್ತಿರ, ಅಂದರೆ ಎರಡು ಪ್ಲೇಟುಗಳ ನಡುವಿನ ದೂರ. ಕೇಬಲ್ ಬರೀ ಅರ್ಧ ಮಿ.ಮೀ. ಹಿಡಿದುಕೊಂಡರೂ ಡಿರೇಲರ್ 0.85 ಮಿ.ಮೀ. ಆಚೆ ನಿಲ್ಲುತ್ತದೆ. ಶಿಮಾನೊ 1984ರಲ್ಲಿ ಡ್ಯೂರಾ-ಏಸ್ 7400 ಜೊತೆ ಕ್ಲಿಕ್ ಗೇರು ತರುವವರೆಗೆ ಸಾಮಾನ್ಯವಾಗಿ ಲಿವರುಗಳಿಗೆ ಕ್ಲಿಕ್ಕೇ ಇರುತ್ತಿರಲಿಲ್ಲ. ಕೇಬಲ್ ಕೊಳೆಯಾದರೆ ಸವಾರನ ಕೈಯೇ ಒಂದಿಷ್ಟು ಹೆಚ್ಚು ಎಳೆದು ಸರಿದೂಗಿಸುತ್ತಿತ್ತು. ಕ್ಲಿಕ್ಕಿಗೆ ಆ ಅಂದಾಜು ಗೊತ್ತಿಲ್ಲ. ಅದು ಅಳೆದು ಕೊಟ್ಟದ್ದು ಪೂರ್ತಿ ಡಿರೇಲರಿಗೆ ಮುಟ್ಟಲೇಬೇಕು.

ಎಲ್ಲಿ ಹಿಡಿದಿದೆ ಎಂದು ಕಂಡುಹಿಡಿಯಲು ಯಾವ ಪಾನಾನೂ ಬೇಡ. ಶಿಫ್ಟರನ್ನು ಅತಿ ಸಣ್ಣ ಪ್ಲೇಟಿಗೆ ಇಳಿಸಿ. ಫ್ರೇಮಿನ ಕೆಳಗಿನ ಪೈಪಿನಗುಂಟ ಹಾದುಹೋಗುವ ಬರಿ ಕೇಬಲ್ಲನ್ನು ಎರಡು ಬೆರಳಿನಿಂದ ಹಿಡಿದು ಏಕತಾರಿಯ ತಂತಿ ಮೀಟುವ ಹಾಗೆ ಪೈಪಿನಿಂದ ಆಚೆ ಎಳೆಯಿರಿ, ಇನ್ನೊಂದು ಕೈಯಲ್ಲಿ ಪೈಡಲ್ ತಿರುವುತ್ತಿರಿ. ಗೇರ್ ಏರುತ್ತದೆ. ಮೂರು-ನಾಲ್ಕು ಪ್ಲೇಟು ಏರಿದ ಮೇಲೆ ಥಟ್ಟನೆ ಬಿಟ್ಟುಬಿಡಿ. ಚೈನ್ ಅದೇ ಕ್ಷಣ ಟಕಟಕ ಇಳಿದು ಕೊನೆಯ ಪ್ಲೇಟಿಗೆ ಬಂದರೆ ನಿಮ್ಮ ಕೈಯಿಂದ ಹಿಂದಕ್ಕೆ ಎಲ್ಲವೂ ಚೆನ್ನಾಗಿದೆ, ತೊಂದರೆ ಶಿಫ್ಟರಿನಲ್ಲಿ ಅಥವಾ ಹ್ಯಾಂಡಲ್ ಬಳಿಯ ಔಟರಿನಲ್ಲಿ. ಸೋಮಾರಿಯಾಗಿ ಒಂದೊಂದೇ ಇಳಿದರೆ ಅಥವಾ ನಡುವೆ ನಿಂತರೆ ತೊಂದರೆ ಹಿಂಭಾಗದಲ್ಲಿ. ನಿಮ್ಮದು ಎರಡನೆಯ ಗುಂಪಿಗೆ ಸೇರುವ ಸಾಧ್ಯತೆಯೇ ಹೆಚ್ಚು, ಏಕೆಂದರೆ ನಮ್ಮ ಕಡೆಯ ಮಣ್ಣು ಕೂಡಿಕೊಳ್ಳುವುದು ಅಲ್ಲಿಯೇ.

ಹಿಂಭಾಗದಲ್ಲಿ ನೋಡಬೇಕಾದದ್ದು ಮೂರು ಜಾಗ. ಪೈಡಲ್ ಆಕ್ಸಲಿನ ಕೆಳಗೆ, ಫ್ರೇಮಿನ ತಳದಲ್ಲಿ, ಕೇಬಲ್ ಹಾಯುವ ಪ್ಲಾಸ್ಟಿಕ್ ಗೈಡ್ ಇದೆ. ಹಳೆಯ ಕೇಬಲ್ ನಾಲ್ಕು ವರ್ಷ ಉಜ್ಜಿ ಅದರಲ್ಲಿ ಆಳವಾದ ಗೀರು ಕೊರೆದಿರುತ್ತದೆ, ಆ ಗೀರಿನಲ್ಲಿ ಮಣ್ಣು ಕಲ್ಲಾಗಿ ಕೂತಿರುತ್ತದೆ. ಧಾರವಾಡದ ಮಸಾರಿ ಮಣ್ಣು ಒಣಗಿದರೆ ಉದುರಿಹೋಗುತ್ತದೆ, ಆದರೆ ನವಲಗುಂದ, ಅಣ್ಣಿಗೇರಿ ಕಡೆಯ ಎರಿ ಮಣ್ಣು ಸಿಮೆಂಟಿನಂತೆ ಹಿಡಿಯುತ್ತದೆ. ಹಲ್ಲುಜ್ಜುವ ಹಳೆಯ ಬ್ರಷ್ ಮತ್ತು ಸೀಮೆಎಣ್ಣೆ ಹಾಕಿ ತಿಕ್ಕಿ. ಗೀರು ಕೇಬಲ್ಲಿನ ಅರ್ಧ ದಪ್ಪಕ್ಕಿಂತ ಆಳವಿದ್ದರೆ ಗೈಡನ್ನೇ ಬದಲಿಸಿ. ಒಂದೇ ಸ್ಕ್ರೂ ಹಿಡಿದಿರುತ್ತದೆ, ಬೆಲೆಯೂ ಅಲ್ಪ.

ಎರಡನೆಯದು ಡಿರೇಲರಿಗೆ ಸೇರುವ ಕೊನೆಯ ಔಟರ್ ತುಂಡು, ನನ್ನ ಮೊದಲ ಅನುಮಾನ ಇದರ ಮೇಲೇ. ಅದು ಜೋತುಬಿದ್ದ ಕುಣಿಕೆಯಂತೆ ಬಾಗಿರುವುದರಿಂದ ಜಿಟಿಜಿಟಿ ಮಳೆಯ ನೀರೆಲ್ಲ ಅದರ ತಳದಲ್ಲಿ ನಿಲ್ಲುತ್ತದೆ. ಚೈನನ್ನು ಅತಿ ದೊಡ್ಡ ಪ್ಲೇಟಿನ ಮೇಲೆ ಹಾಕಿ ಪೈಡಲ್ ನಿಲ್ಲಿಸಿ. ಇದನ್ನು ತೂಗುಹಾಕಿದ ಸೈಕಲ್ಲಿನಲ್ಲಿ ಕೈಯಿಂದ ನಿಧಾನವಾಗಿ ಮಾಡಿ. 34ಕ್ಕೆ ಹೋಗುವಾಗ ಡಿರೇಲರ್ ಸ್ಪೋಕ್‌ಗೆ ಬಡಿಯುವಂತೆ ಕಂಡರೆ ಅದರ ಹಿಂದಿನ ಪ್ಲೇಟಿನಲ್ಲೇ ನಿಲ್ಲಿ. ಈಗ ಪೈಡಲ್ ತಿರುವದೆ ಶಿಫ್ಟರನ್ನು ಮಾತ್ರ ಪೂರ್ತಿ ಕೆಳಗಿಳಿಸಿ. ಕೇಬಲ್ ಸಡಿಲಾಗಿ ಜೋಲುತ್ತದೆ. ಫ್ರೇಮಿನ ಸೀಳಿದ ಗೂಟಗಳಿಂದ ಔಟರನ್ನು ಬೆರಳಲ್ಲೇ ಬಿಡಿಸಿ, ಕೇಬಲ್ಲಿನ ಮೇಲೆ ಹಿಂದೆ-ಮುಂದೆ ಜಾರಿಸಿ ನೋಡಿ. ಬಳೆ ಕೈಯಲ್ಲಿ ಜಾರಿದ ಹಾಗೆ ಹಗುರಾಗಿ ಜಾರಬೇಕು. ಮರಳು ಅರೆದ ಹಾಗೆ ಕರಕರ ಅಂದರೆ ಒಳಗಿನ ಪ್ಲಾಸ್ಟಿಕ್ ಕೊಳವೆ ಹೋಗಿದೆ. ಹಳೆಯ ಔಟರಿನೊಳಗೆ ಹೊಸ ಕೇಬಲ್ ಹಾಕುವುದು ತುಕ್ಕು ಹಿಡಿದ ಬೀಗಕ್ಕೆ ಹೊಸ ಚಾವಿ ಮಾಡಿಸಿದ ಹಾಗೆ.

ಹೊಸ ಔಟರ್ ಕೊಳ್ಳುವಾಗ ಗೇರಿನ ಔಟರೇ ಕೇಳಿ. ಗೇರಿನದು 4 ಮಿ.ಮೀ. ದಪ್ಪ, ಒಳಗೆ ಉಕ್ಕಿನ ತಂತಿಗಳು ಉದ್ದಕ್ಕೆ ನೇರವಾಗಿ ಓಡುತ್ತವೆ. ಬ್ರೇಕಿನದು 5 ಮಿ.ಮೀ., ಒಳಗೆ ತಂತಿ ಸ್ಪ್ರಿಂಗಿನಂತೆ ಸುತ್ತಿರುತ್ತದೆ. ಬ್ರೇಕ್ ಔಟರ್ ಬಾಗಿದಾಗಲೂ ಒತ್ತಿದಾಗಲೂ ಅದರ ಉದ್ದ ಬದಲಾಗುತ್ತದೆ, ಗೇರಿಗೆ ಅದು ಆಗಿಬರುವುದೇ ಇಲ್ಲ. ಕತ್ತರಿಸಿದ ತುದಿ ನೋಡಿದರೆ ಒಂದು ಕ್ಷಣದಲ್ಲಿ ಗೊತ್ತಾಗುತ್ತದೆ. ಇಕ್ಕಳದಿಂದ ಜಜ್ಜಿ ಕತ್ತರಿಸಬೇಡಿ, ಕೇಬಲ್ ಕಟರ್ ಇರುವ ಅಂಗಡಿಯಲ್ಲೇ ಕತ್ತರಿಸಿ. ಕತ್ತರಿಸಿದ ಮೇಲೆ ಒಳಗಿನ ಪ್ಲಾಸ್ಟಿಕ್ ಕೊಳವೆಯ ಬಾಯಿ ಮುಚ್ಚಿಕೊಂಡಿರುತ್ತದೆ, ಅದನ್ನು ದಬ್ಬಣದ ಮೊನೆಯಿಂದ ದುಂಡಗೆ ತೆರೆಯಿರಿ. ತುದಿಯನ್ನು ಅರದಿಂದ ಸಪಾಟು ಮಾಡಿ ಟೋಪಿ ಹಾಕಿ. ಟೋಪಿ ಇಲ್ಲದ ತುದಿಯಲ್ಲಿ ಉಕ್ಕಿನ ಎಳೆಗಳು ನಿಧಾನವಾಗಿ ಗೂಟದ ತೂತಿನಿಂದ ಹೊರಕ್ಕೆ ನುಗ್ಗುತ್ತವೆ, ಮತ್ತೆ ಗೇರ್ ಕೆಡುತ್ತದೆ. ಕೊನೆಯ ತುಂಡು ಗಿಡ್ಡವಾಗಬಾರದು. ಡಿರೇಲರಿಗೆ ನೇರವಾಗಿ ಪ್ರವೇಶಿಸಬೇಕು, ಎಲ್ಲೂ ಮೊಣಕೈಯಂತೆ ಮಡಚಬಾರದು. ದಪ್ಪ ಗ್ರೀಸ್ ತುಂಬಬೇಡಿ, ಧೂಳಿನ ಜೊತೆ ಸೇರಿ ಅಂಟಾಗುತ್ತದೆ. ಹಾಕಿದ ಮೇಲೆ ಹ್ಯಾಂಡಲ್ಲನ್ನು ಎಡಕ್ಕೆ-ಬಲಕ್ಕೆ ಪೂರ್ತಿ ತಿರುಗಿಸಿ. ಗೇರ್ ತಾನಾಗಿ ಬದಲಾದರೆ ಮುಂದಿನ ಔಟರ್ ಗಿಡ್ಡವಾಗಿದೆ ಎಂದರ್ಥ.

ಮೂರನೆಯದು ಡಿರೇಲರೇ. ಕೇಬಲ್ ಬಿಚ್ಚಿ, ಅದನ್ನು ಕೈಯಿಂದ ಗಾಲಿಯ ಕಡೆ ತಳ್ಳಿ ಬಿಡಿ. ಪಟ್ಟನೆ ಹಿಂದಕ್ಕೆ ಬಂದರೆ ಸರಿ. ತೂಕಡಿಸಿದರೆ ಅದರ ನಾಲ್ಕು ಕೀಲುಗಳನ್ನು ಸೀಮೆಎಣ್ಣೆಯಿಂದ ತೊಳೆದು ಒಂದೊಂದು ಹನಿ ತೆಳುವಾದ ಎಣ್ಣೆ ಬಿಡಿ.

ಕೇಬಲ್ ಇಷ್ಟು ಸರಿಯಾದ ಮೇಲೂ ಕೆಲವು ಗೇರುಗಳು ಬೀಳುತ್ತ, ಕೆಲವು ಬೀಳದೆ ಹೋದರೆ ಹ್ಯಾಂಗರ್ ಬಾಗಿರುತ್ತದೆ. ಡಿರೇಲರನ್ನು ಫ್ರೇಮಿಗೆ ಹಿಡಿದಿರುವ ಆ ತುಂಡು ಅನೇಕ ಸೈಕಲ್ಲುಗಳಲ್ಲಿ ಬೇಕೆಂದೇ ಮೆತ್ತಗಿನ ಅಲ್ಯೂಮಿನಿಯಮ್ಮಿನದು, ಫ್ರೇಮ್ ಉಳಿಯಲಿ ಎಂದು. ರೈಲ್ವೆ ಸ್ಟೇಶನ್ನಿನ ಸ್ಟ್ಯಾಂಡಿನಲ್ಲಿ ಸೈಕಲ್ ಬಲಕ್ಕೆ ಒರಗಿ ಬಿದ್ದರೂ ಬಾಗುತ್ತದೆ, ಟೆಂಪೋದಲ್ಲಿ ಬಲಮಗ್ಗುಲಿಗೆ ಮಲಗಿಸಿ ತಂದರೂ ಬಾಗುತ್ತದೆ. ಸೈಕಲ್ಲಿನ ಹಿಂದೆ ಕುಕ್ಕರಗಾಲಿನಲ್ಲಿ ಕೂತು ನೋಡಿ. ಎರಡು ಪುಲ್ಲಿಗಳು ಒಂದರ ಕೆಳಗೊಂದು, ಮೇಲಿನ ಪ್ಲೇಟಿನ ಗೆರೆಯಲ್ಲೇ ನಿಂತಿರಬೇಕು. ಕೆಳಗಿನ ಪುಲ್ಲಿ ಸ್ಪೋಕ್ ಕಡೆ ವಾಲಿದ್ದರೆ ಹ್ಯಾಂಗರ್ ಒಳಕ್ಕೆ ಬಾಗಿದೆ. ಸರಿಯಾಗಿ ಅಳೆಯಲು ಅಂಗಡಿಗಳಲ್ಲಿ ಉದ್ದ ತೋಳಿನ ಗೇಜ್ ಇರುತ್ತದೆ. ಅದು ಸಿಗದಿದ್ದರೆ ಅದೇ ಅಳತೆಯ ಇನ್ನೊಂದು ಗೇರ್ ಸೈಕಲ್ಲಿನ ಹಿಂದಿನ ಗಾಲಿ ಸಾಕು. ಹ್ಯಾಂಗರಿನ ಥ್ರೆಡ್ಡೂ ಅಂಥ ಗಾಲಿಯ ಆಕ್ಸಲ್ಲಿನ ಥ್ರೆಡ್ಡೂ ಸಾಮಾನ್ಯವಾಗಿ ಒಂದೇ, 10 ಮಿ.ಮೀ. ದಪ್ಪ, 1 ಮಿ.ಮೀ. ಅಂತರ. 5 ಮಿ.ಮೀ. ಅಲನ್ ಕೀಯಿಂದ ಡಿರೇಲರ್ ಬಿಚ್ಚಿ, ಆ ಗಾಲಿಯ ಆಕ್ಸಲ್ಲನ್ನು ಹ್ಯಾಂಗರಿಗೆ ತಿರುವಿ ಹಾಕಿದರೆ ಎರಡು ಗಾಲಿಗಳು ಪಕ್ಕಪಕ್ಕ ನಿಲ್ಲುತ್ತವೆ. ರಿಮ್ಮಿನಿಂದ ರಿಮ್ಮಿಗೆ ಮೇಲೆ, ಕೆಳಗೆ, ಹಿಂದೆ, ಮುಂದೆ ಅಳೆಯಿರಿ. ವ್ಯತ್ಯಾಸ 4 ಮಿ.ಮೀ. ಒಳಗಿರಲಿ. ಹೆಚ್ಚಿದ್ದರೆ ಗಾಲಿಯನ್ನೇ ಸನ್ನೆಯಂತೆ ಹಿಡಿದು ಮೆಲ್ಲಗೆ ಬಾಗಿಸಿ ಸರಿಮಾಡಬಹುದು. ಸಾದಾ ಕರಿ ಸೈಕಲ್ಲಿನ ಆಕ್ಸಲ್ ಬಳಸಬೇಡಿ, ಅದರ ಥ್ರೆಡ್ ಬೇರೆ, ಜಬರದಸ್ತಿ ಮಾಡಿದರೆ ಹ್ಯಾಂಗರ್ ಕೆಡುತ್ತದೆ. ಹೊಸ ಹ್ಯಾಂಗರ್ ಬೇಕಾದರೆ ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಫ್ರೇಮಿಗೊಂದು ಆಕಾರ ಇರುತ್ತದೆ.

ಎರಡನೇ ತ್ರಾಸಿಗೆ, ಅಂದರೆ ಏರಿನಲ್ಲಿ ಚೈನ್ ಜಿಗಿಯುವುದಕ್ಕೆ, ಗೇರ್ ಟ್ಯೂನಿಂಗಿನಲ್ಲಿ ಮದ್ದಿಲ್ಲ. ಸ್ಟ್ಯಾಂಡಿನ ಮೇಲೆ ಖಾಲಿ ತಿರುಗಿಸುವಾಗಲೂ ತಪ್ಪು ಕಂಡರೆ ಅದು ಕೇಬಲ್ ಅಥವಾ ಹ್ಯಾಂಗರಿನದು. ಭಾರ ಬಿದ್ದಾಗ ಮಾತ್ರ ಕಂಡರೆ ಅದು ಹಲ್ಲು ಸವೆದದ್ದು. ಚೈನಿನ ಒಂದು ಕೊಂಡಿಯಿಂದ ಇನ್ನೊಂದಕ್ಕೆ 12.7 ಮಿ.ಮೀ., ಅರ್ಧ ಇಂಚು. ಹಳೆಯ ಚೈನಿನ ಪಿನ್ನುಗಳು ಸವೆದು ಈ ಅಂತರ ಹೆಚ್ಚುತ್ತ ಹೋಗಿದೆ, ಮುಂದಿನ ರಿಂಗಿನ ಹಲ್ಲುಗಳೂ ಅದಕ್ಕೆ ತಕ್ಕಂತೆ ಸವೆದು ಕೊಕ್ಕೆಯಾಗಿವೆ. ಈಗ ಅದರ ಮೇಲೆ ಸರಿಯಾದ ಅರ್ಧ ಇಂಚಿನ ಹೊಸ ಚೈನ್ ಬಂದಿದೆ. ಹತ್ತಾರು ಹಲ್ಲುಗಳು ಹಂಚಿಕೊಳ್ಳಬೇಕಾದ ಭಾರವನ್ನು ಒಂದೆರಡು ಹಲ್ಲುಗಳೇ ಹೊರುತ್ತವೆ. ನೀವು ಜೋರು ತುಳಿದಾಗ ಚೈನಿನ ರೋಲರ್ ಆ ಕೊಕ್ಕೆಯ ಬೆನ್ನೇರಿ ಮುಂದಿನ ಹಲ್ಲಿಗೆ ಹಾರುತ್ತದೆ. ಆ ಟಕ್ ಸಪ್ಪಳ ಅದೇ.

ಜಿಗಿಯುತ್ತಿರುವುದು ಮುಂದೋ ಹಿಂದೋ ಎಂದು ಹೀಗೆ ತಿಳಿಯಿರಿ. ಒಂದೇ ಚೈನ್ ರಿಂಗ್ ಇಟ್ಟುಕೊಂಡು ಹಿಂದಿನ ಮೂರು-ನಾಲ್ಕು ಪ್ಲೇಟು ಬದಲಿಸಿ ನೋಡಿ. ಎಲ್ಲದರಲ್ಲೂ ಜಿಗಿದರೆ ತಪ್ಪು ಮುಂದಿನ ರಿಂಗಿನದು. ಹಿಂದಿನ ಒಂದೇ ಪ್ಲೇಟಿನಲ್ಲಿ, ಮುಂದೆ ಯಾವ ರಿಂಗ್ ಇದ್ದರೂ ಜಿಗಿದರೆ ತಪ್ಪು ಆ ಪ್ಲೇಟಿನದು. ರಸ್ತೆಯಲ್ಲಿ ನಿಂತು ತುಳಿದು ಪರೀಕ್ಷಿಸಬೇಡಿ, ಜಿಗಿದಾಗ ಮೊಣಕಾಲು ಹ್ಯಾಂಡಲ್ಲಿಗೆ ಬಡಿಯುತ್ತದೆ. ಎಡಗಾಲು ನೆಲಕ್ಕೂರಿ, ಎರಡೂ ಬ್ರೇಕ್ ಗಟ್ಟಿ ಹಿಡಿದು, ಬಲ ಪೈಡಲ್ ಮುಂದಕ್ಕಿದ್ದಾಗ ಜೋರಾಗಿ ಒತ್ತಿ. ಪೈಡಲಿನ ಜಾಗ ಸ್ವಲ್ಪ ಸ್ವಲ್ಪ ಬದಲಿಸುತ್ತ ನಾಲ್ಕೈದು ಸಲ ಮಾಡಿ. ದಿನನಿತ್ಯದ ಓಡಾಟದಲ್ಲಿ ಬಹಳಷ್ಟು ತುಳಿತ ಮುಂದಿನ ನಡು ರಿಂಗಾದ 32ರ ಮೇಲೆ ಬೀಳುತ್ತದೆ, ನಿಮ್ಮದೂ ಅದೇ ಇರಬೇಕು. ಕಣ್ಣಿನ ಪರೀಕ್ಷೆಯೂ ಇದೆ. ಹೊಸ ಚೈನ್ 32ರ ಮೇಲಿರುವಾಗ ರಿಂಗಿನ ಅತಿ ಮುಂದಿನ ಬಿಂದುವಿನಲ್ಲಿ ಚೈನನ್ನು ಬೆರಳಿನಿಂದ ಮುಂದಕ್ಕೆ ಎಳೆಯಿರಿ. ಅಲ್ಲಾಡದಿದ್ದರೆ ಹಲ್ಲು ಚೆನ್ನಾಗಿದೆ. ಅರ್ಧ ಹಲ್ಲು ಕಾಣುವಷ್ಟು ಎದ್ದು ಬಂದರೆ ರಿಂಗ್ ಮುಗಿದಿದೆ.

ಎಷ್ಟು ಸುತ್ತಿಗೊಮ್ಮೆ ಜಿಗಿಯುತ್ತದೆ ಎಂದು ಎಣಿಸುವುದೂ ಒಳ್ಳೆಯದು. ಚೈನಿನಲ್ಲಿ 112 ಕೊಂಡಿ ಇದ್ದು, ಮುಂದೆ 32 ಇದ್ದರೆ ಪೈಡಲಿನ ಪ್ರತಿ ಮೂರೂವರೆ ಸುತ್ತಿಗೆ ಚೈನ್ ಒಂದು ಸುತ್ತು ಬರುತ್ತದೆ. ಅದೇ ಲೆಕ್ಕಕ್ಕೆ ಟಕ್ ಅಂದರೆ ಒಂದು ಕೊಂಡಿ ಗಡುಸಾಗಿದೆ, ಹೆಚ್ಚಾಗಿ ಜೋಡಣೆಯ ಜಾಗದಲ್ಲೇ. ಪೈಡಲನ್ನು ನಿಧಾನ ಹಿಂದಕ್ಕೆ ತಿರುಗಿಸಿದರೆ ಆ ಕೊಂಡಿ ಪುಲ್ಲಿಯ ಮೇಲೆ ಗೂನು ಬೆನ್ನಿನಂತೆ ಎದ್ದು ಕಾಣುತ್ತದೆ. ಎರಡು ಕೈಯಲ್ಲಿ ಹಿಡಿದು ಅಡ್ಡಕ್ಕೆ ಮೆಲ್ಲಗೆ ಬಾಗಿಸಿದರೆ ಬಿಡುತ್ತದೆ. ಟಕ್ ಅನ್ನದೆ ಪೈಡಲ್ ಖಾಲಿ ಹೋಗಿ ಒಮ್ಮೆಲೇ ಹಿಡಿದುಕೊಂಡರೆ ಅದು ಹಬ್ಬಿನ ಒಳಗಿನ ನಾಯಿಗಳು (ಮುಂದಕ್ಕೆ ತುಳಿದಾಗ ಗಾಲಿಯನ್ನು ಹಿಡಿಯುವ ಸಣ್ಣ ಕೊಕ್ಕೆಗಳು) ಜಾರಿದ್ದು, ಅದರ ರಿಪೇರಿಯೇ ಬೇರೆ.

“ಓಡಿಸ್ರಿ, ತಾನ ಸೆಟ್ ಆಗತೈತಿ” ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಸವೆದ ರಿಂಗ್ ಮತ್ತೆ ಬೆಳೆಯುವುದಿಲ್ಲ. ಹೊಸ ಚೈನೇ ಅದಕ್ಕೆ ತಕ್ಕ ಹಾಗೆ ಹಾಳಾಗಿ ಸೆಟ್ ಆಗುತ್ತದೆ, ಅದರ ಹಿಂದೆ ಹೊಸ ಕ್ಯಾಸೆಟ್ಟೂ ಹೋಗುತ್ತದೆ. ಕೊಕ್ಕೆಯನ್ನು ಅರದಿಂದ ಉಜ್ಜಿ ಕೊಡುವವರೂ ಇದ್ದಾರೆ. ಅದು ನಾಲ್ಕು ದಿನದ ಮಾತು. ರಿಂಗುಗಳು ಬೋಲ್ಟಿನಿಂದ ಕೂಡಿಸಿದ್ದರೆ 32ನ್ನು ಮಾತ್ರ ಬದಲಿಸಬಹುದು. ನಾಲ್ಕು ಬೋಲ್ಟಿನದಾದರೆ ತೂತುಗಳ ವೃತ್ತದ ಅಳತೆ, ಸಾಮಾನ್ಯವಾಗಿ 104 ಮಿ.ಮೀ., ಹೇಳಿ ತರಿಸಿ. ಈ ದರ್ಜೆಯ ಹಲವು ಕ್ರ್ಯಾಂಕುಗಳಲ್ಲಿ (ಪೈಡಲ್ ಹಿಡಿದಿರುವ ತೋಳು) ರಿಂಗುಗಳನ್ನು ರಿವೆಟ್ ಹೊಡೆದಿರುತ್ತಾರೆ, ಆಗ ಪೂರ್ತಿ ಕ್ರ್ಯಾಂಕ್ ಸೆಟ್ಟೇ ಬೇಕು. ಚೌಕ ಆಕ್ಸಲ್ಲಿನ ಕ್ರ್ಯಾಂಕನ್ನು ಸುತ್ತಿಗೆಯಿಂದ ಹೊಡೆದು ಬಿಚ್ಚಲು ಬಿಡಬೇಡಿ, ಪುಲ್ಲರ್ ಇರುವ ಕಡೆಗೇ ಹೋಗಿ. ಪುಲ್ಲರನ್ನು ಥ್ರೆಡ್ಡಿನಲ್ಲಿ ಪೂರ್ತಿ ಕೂರಿಸಿದ ಮೇಲೆಯೇ ಒತ್ತು ಕೊಡಬೇಕು. ವಾಪಸ್ ಹಾಕುವಾಗ ಬೋಲ್ಟಿಗೆ 35ರಿಂದ 50 ನ್ಯೂಟನ್ ಮೀಟರ್.

ಮೂರನೆಯದು 34ರ ಗರಗರ. ದೊಡ್ಡ ಪ್ಲೇಟಿನ ಹಲ್ಲುಗಳಿಗೆ ಮೇಲಿನ ಪುಲ್ಲಿ ತಾಗುತ್ತಿದೆ, ಅಷ್ಟೆ. ಡಿರೇಲರಿನ ಹಿಂದೆ, ಹ್ಯಾಂಗರಿಗೆ ಒತ್ತಿ ನಿಂತಿರುವ ಬಿ ಸ್ಕ್ರೂ ಬಿಗಿ ಮಾಡಿದರೆ ಪುಲ್ಲಿ ಕೆಳಗೆ ಸರಿಯುತ್ತದೆ. ಚೈನ್ ಮುಂದೆ ಅತಿ ಸಣ್ಣ ರಿಂಗ್, ಹಿಂದೆ 34ರ ಮೇಲಿರಲಿ. ಪುಲ್ಲಿಗೂ ಪ್ಲೇಟಿಗೂ ನಡುವೆ 5 ಅಥವಾ 6 ಮಿ.ಮೀ. ಅಲನ್ ಕೀ ಹಿಡಿಸುವಷ್ಟು ಸಂದು ಸಾಕು. ಹೆಚ್ಚು ಬಿಟ್ಟರೆ ಎಲ್ಲ ಗೇರುಗಳೂ ಮಂದವಾಗುತ್ತವೆ. ಕೆಲವು 11-34 ಕ್ಯಾಸೆಟ್ಟುಗಳಲ್ಲಿ 26ರಿಂದ ನೇರ 34ಕ್ಕೆ ಜಿಗಿತ ಇರುತ್ತದೆ, ಆ ಒಂದು ಗೇರ್ ಮಾತ್ರ ತುಸು ನಿಧಾನ ಏರುವುದು ಸಹಜ.

ಈ 34ರಿಂದ ಇನ್ನೊಂದು ಪ್ರಶ್ನೆ ಏಳುತ್ತದೆ, ಇದು ಎಲ್ಲಕ್ಕಿಂತ ತುರ್ತಿನದು: ಚೈನಿನ ಉದ್ದ. ಹಳೆಯ ಚೈನಿನಷ್ಟೇ ಕೊಂಡಿ ಎಣಿಸಿ ಹೊಸದನ್ನು ಕತ್ತರಿಸಿದ್ದರೆ 32ಕ್ಕೆ ಸರಿಯಿದ್ದದ್ದು 34ಕ್ಕೆ ಗಿಡ್ಡವಾಗಬಹುದು. ಮುಂದೆ 42, ಹಿಂದೆ 34ರ ಮೇಲೆ ಒಮ್ಮೆ ಮರೆತು ಹಾಕಿದರೂ ಡಿರೇಲರ್, ಹ್ಯಾಂಗರ್ ಎರಡೂ ಕಿತ್ತುಬರುತ್ತವೆ. ಕ್ವಿಕ್ ಲಿಂಕ್ (ಚೈನಿನ ಬಿಚ್ಚಿ ಹಾಕಬಹುದಾದ ಜೋಡಣೆಯ ಕೊಂಡಿ) ಬಿಚ್ಚಿ, ಚೈನನ್ನು ಡಿರೇಲರಿನೊಳಗೆ ಹಾಯಿಸದೆ ನೇರ 42 ಮತ್ತು 34ರ ಮೇಲೆ ಸುತ್ತಿ ಬಿಗಿಯಾಗಿ ಹಿಡಿಯಿರಿ. ತುದಿಗಳು ಕೂಡುವ ಜಾಗದಿಂದ ಇನ್ನೂ ಎರಡು ಕೊಂಡಿ ಹೆಚ್ಚಿಗೆ ಇರಬೇಕು. ಎರಡು ಕಡಿಮೆ ಬಿದ್ದರೆ ಹೊಸ ಚೈನ್ ಬೇಡ. ಕತ್ತರಿಸಿ ಉಳಿದ ತುಂಡನ್ನು ಅಂಗಡಿಯಿಂದ ಕೇಳಿ ಪಡೆಯಿರಿ, ಅದರ ಒಂದು ಒಳಕೊಂಡಿ ಮತ್ತು ಇನ್ನೊಂದು ಕ್ವಿಕ್ ಲಿಂಕ್ ಸೇರಿದರೆ ಎರಡು ಕೊಂಡಿ ಆಗುತ್ತದೆ. ಹೊಸದನ್ನು ಹಳೆಯದರ ಪಕ್ಕ ಜೋತುಬಿಟ್ಟು ಅಳೆಯಬೇಡಿ. ಶೇಕಡಾ 1ರಷ್ಟು ಸವೆದ 112 ಕೊಂಡಿಯ ಚೈನ್ ಒಂದು ಕೊಂಡಿಗಿಂತ ಹೆಚ್ಚು ಉದ್ದವಾಗಿರುತ್ತದೆ.

ಇಷ್ಟಾದ ಮೇಲೆ ಸ್ಕ್ರೂಗಳಿಗೆ ಕೈಹಾಕಿ. ಕೇಬಲ್ ಬಿಚ್ಚಿದಾಗ ಮೇಲಿನ ಪುಲ್ಲಿ ಅತಿ ಸಣ್ಣ ಪ್ಲೇಟಿನ ಹೊರ ಅಂಚಿನ ಗೆರೆಗೆ ಬರುವಂತೆ ಎಚ್ ಹೊಂದಿಸಿ. ಎಚ್ ಬಿಗಿ ಮಾಡಿದರೆ ಡಿರೇಲರ್ ಸ್ಪೋಕ್ ಕಡೆ ಸರಿಯುತ್ತದೆ. ಕೈಯಿಂದ ತಳ್ಳಿ 34ಕ್ಕೆ ಏರಿಸಿ, ಪುಲ್ಲಿ ನೇರ 34ರ ಕೆಳಗೆ ನಿಲ್ಲುವಂತೆ, ಅದರಾಚೆ ಎಷ್ಟು ತಳ್ಳಿದರೂ ಹೋಗದಂತೆ ಎಲ್ ಬಿಗಿ ಮಾಡಿ. ಕೇಬಲ್ಲಿನ ಬಿಗಿ ಹೊಂದಿಸುವ ತಿರುಪಾದ ಬ್ಯಾರಲ್ ಪೂರ್ತಿ ಒಳಗೆ ತಿರುವಿ ಒಂದು ಸುತ್ತು ಹೊರಗೆ ತನ್ನಿ, ಶಿಫ್ಟರ್ ಅತಿ ಸಣ್ಣ ಗೇರಿನಲ್ಲಿರಲಿ, ಕೇಬಲ್ಲನ್ನು ಕೈಯಿಂದ ಎಳೆದು ಬೋಲ್ಟಿನ ಕೆಳಗಿನ ತೋಡಿನಲ್ಲೇ ಕೂರಿಸಿ 6 ನ್ಯೂಟನ್ ಮೀಟರಿನಷ್ಟು ಬಿಗಿ ಮಾಡಿ. ಬೋಲ್ಟಿನ ತಪ್ಪು ಬದಿಯಲ್ಲಿ ಸಿಕ್ಕಿಸಿದರೆ ಆ 1.7ರ ಲೆಕ್ಕವೇ ಬದಲಾಗಿ ಯಾವ ಗೇರೂ ಹೊಂದುವುದಿಲ್ಲ. ಈಗ ಒಂದು ಕ್ಲಿಕ್ ಒತ್ತಿ. ಚೈನ್ ಎರಡನೇ ಪ್ಲೇಟಿಗೆ ಏರಲು ಹಿಂಜರಿದರೆ ಬ್ಯಾರಲನ್ನು ಹೊರಗೆ ಬರುವಂತೆ ಕಾಲು ಸುತ್ತು ತಿರುವಿ, ಮೂರನೆಯದಕ್ಕೆ ಉಜ್ಜಿದರೆ ಕಾಲು ಸುತ್ತು ಒಳಗೆ. ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ಪ್ರತಿ ಸಲ ಏರಿಸಿಯೂ ಇಳಿಸಿಯೂ ನೋಡಿ.

ಅಂಗಡಿಯಲ್ಲಿ “ಡಿರೇಲರ್ರ ಬದಲಿ ಮಾಡೋಣು” ಎಂದರೆ ಒಪ್ಪುವ ಮುಂಚೆ ಮಾದರಿ ನೋಡಿ. ಶಿಮಾನೊದ ಹಳೆಯ ಸರಣಿಯ 7, 8, 9 ಸ್ಪೀಡಿನ ಮೌಂಟನ್ ಸೈಕಲ್ ಡಿರೇಲರುಗಳು, ಟೂರ್ನಿ, ಆಲ್ಟಸ್, ಏಸೆರಾ, ಅಲಿವಿಯೊ, ಎಲ್ಲವೂ 1.7ರವೇ. ನಿಮ್ಮ ಎಂಟರ ಶಿಫ್ಟರಿಗೆ ಹೊಂದುತ್ತವೆ, 34 ಹಲ್ಲು ತಡೆಯುತ್ತದೆಯೇ ಎಂದಷ್ಟೇ ಕೇಳಿ. 10 ಸ್ಪೀಡಿನ ಮೌಂಟನ್ ಡಿರೇಲರ್ 1.2ರದು. ನಿಮ್ಮ 2.8 ಮಿ.ಮೀ. ಕ್ಲಿಕ್ಕಿಗೆ ಅದು 3.4 ಮಿ.ಮೀ. ಮಾತ್ರ ಸರಿಯುತ್ತದೆ, ಎಷ್ಟು ತಿರುವಿದರೂ 4.8 ಆಗುವುದಿಲ್ಲ. 2023ರಲ್ಲಿ ಬಂದ ಕ್ಯೂಸ್ ಸರಣಿಯ ಎಳೆತವೂ ಬೇರೆ. ಚೈನ್ ಮಾತ್ರ 6, 7, 8 ಸ್ಪೀಡಿಗೆ ಒಂದೇ, 7.1 ಮಿ.ಮೀ. ಆಸುಪಾಸಿನ ಅಗಲದ್ದು, ಅದರಲ್ಲಿ ನಿಮಗೆ ತಪ್ಪು ಆಗಿರಲಾರದು.

ಕೆಲಸದ ಕ್ರಮ ಹೀಗಿರಲಿ: ಇವತ್ತೇ ಚೈನಿನ ಉದ್ದ, ಗಾಲಿ ಕೂತಿದೆಯೇ ಎಂಬುದು, ಎಲ್ ಸ್ಕ್ರೂ, ಬಿ ಸ್ಕ್ರೂ. ಈ ರವಿವಾರ ಹಿಂದಿನ ಔಟರ್ ಮತ್ತು ತಳದ ಗೈಡ್. 32ರ ರಿಂಗ್ ಬರುವವರೆಗೆ ಬೆಟ್ಟ ಏರುವಾಗ 22ಕ್ಕೆ ಇಳಿಸಿ ಕೂತೇ ತುಳಿಯಿರಿ, ನಿಂತು ತುಳಿಯಬೇಡಿ. ಹೊಸ ಔಟರ್ ಮೊದಲ ಕೆಲವು ದಿನಗಳಲ್ಲಿ ತನ್ನ ಟೋಪಿಗಳಲ್ಲಿ ಒತ್ತಿ ಕೂರುತ್ತದೆ, ಆಗ ಕೇಬಲ್ ತುಸು ಸಡಿಲಾಗಿ ಏರುವ ಗೇರ್ ಹಿಂಜರಿಯುತ್ತದೆ. ಸಪ್ತಾಪುರದಿಂದ ವಿದ್ಯಾನಗರಕ್ಕೆ ಮೂರು-ನಾಲ್ಕು ಸಲ ಹೋಗಿ ಬಂದ ಮೇಲೆ ಬ್ಯಾರಲನ್ನು ಕಾಲು ಅಥವಾ ಅರ್ಧ ಸುತ್ತು ಹೊರಗೆ ತಂದರೆ ಅದು ಸರಿಹೋಗುತ್ತದೆ. ಆಗ ಎಚ್, ಎಲ್ ಮುಟ್ಟಬೇಡಿ.